ನೊಜಾವಾನ ಈರುಳ್ಳಿ ಹೊಲದ ಹಜಾರ

ಊರಿನವರು ಅದನ್ನು ಕೋಟೆ ಎನ್ನುತ್ತಿದ್ದರು. ಅಮೆಮಿಯಾ ತೊಕುಜಿಯವರು ಪ್ರತಿ ಸಲವೂ ತಿದ್ದುತ್ತಿದ್ದರು: ಕೋಟೆಯಲ್ಲ, ಕಂದಕವೂ ಮಣ್ಣಿನ ದಿಬ್ಬವೂ ಸುತ್ತುವರಿದಿದ್ದ ಪಾಳೆಯಗಾರನ ಮನೆ. ಮನೆ ಅಳಿದು ಶತಮಾನಗಳಾಗಿದ್ದವು. ಉಳಿದದ್ದು ದಿಬ್ಬದ ಒಂದು ಮೂಲೆ. ಒಡೆಯನ ಹಜಾರವಿದ್ದುದು ತಮ್ಮ ಹಿತ್ತಲಿನ ಕಾಕಿ ಹಣ್ಣಿನ ಮರದಡಿಯಲ್ಲೇ ಎಂದು ಅವರ ಅಜ್ಜ ಹೇಳಿದ್ದರು, ತಂದೆ ಹೇಳಿದ್ದರು. ಭೂದಾಖಲೆ ಕಚೇರಿಯಿಂದ ನಿವೃತ್ತರಾದ ಮೇಲೆ ತೊಕುಜಿಯವರೂ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

ಪಟ್ಟಣದ ಪುರಾತತ್ವ ವಿಭಾಗ ಉತ್ಖನನಕ್ಕೆ ಬಂದಾಗ ಮಣ್ಣು ಕೆರೆಯುವ ಕೆಲಸಕ್ಕೆ ಊರಿನ ನಿವೃತ್ತರನ್ನೇ ಸೇರಿಸಿಕೊಂಡಿತು. ಮೊದಲು ಹೆಸರು ಕೊಟ್ಟವರು ತೊಕುಜಿಯವರು. ಕಾಕಿ ಮರದಡಿ ಸಿಕ್ಕಿದ್ದು ಕುದುರೆ ಲಾಯದ ಕೊಚ್ಚೆ ಕಾಲುವೆ.

"ಏನಯ್ಯಾ ತೊಕು, ನಿಮ್ಮ ದೊರೆಗೆ ನಾಲ್ಕು ಕಾಲಿತ್ತಾ?" ಬೇಲಿಯಾಚೆಯಿಂದ ನೊಜಾವಾ ಕೊಸಾಕು ಕೇಳಿದ. ಶಾಲೆಯಲ್ಲಿ ಅವರ ಪಕ್ಕದಲ್ಲೇ ಕೂತವನು.

ಮುಂದಿನ ಅಗೆತ ಆ ಕೊಸಾಕುವಿನ ಈರುಳ್ಳಿ ಹೊಲದಲ್ಲಿ. ಮೊಣಕಾಲೂರಿ ಕೆರೆಯುತ್ತಿದ್ದ ತೊಕುಜಿಯವರ ಕೈಗುದ್ದಲಿಯ ಕೆಳಗೆ, ಹಳದಿ ಮಣ್ಣಿನಲ್ಲಿ, ಕಪ್ಪನೆಯ ದುಂಡು ಕಲೆಯೊಂದು ಮೂಡಿತು. ಕಂಬ ಕೊಳೆತು ಹೋದ ಕಡೆ ಮಣ್ಣು ಹೀಗೆ ಕಪ್ಪಾಗಿಯೇ ಉಳಿಯುತ್ತದೆ. ಇಷ್ಟು ದಪ್ಪ ಕಂಬ ಹಜಾರಕ್ಕಲ್ಲದೆ ಬೇರೆ ಯಾವುದಕ್ಕೂ ಬೇಡ.

ಮೇಲ್ವಿಚಾರಕಿ ಹತಾನೊ ಬೆನ್ನು ತಿರುಗಿಸಿದ್ದರು. ನಾಲ್ಕು ಸಲ ಜೋರಾಗಿ ಕೆರೆದರೆ ಕಲೆಯೇ ಇರುತ್ತಿರಲಿಲ್ಲ. ಕಂದಕವನ್ನು ಹಳ್ಳ ಎನ್ನುವವನಿಗೆ! ದಿಬ್ಬದ ಮಣ್ಣನ್ನೇ ಹೊತ್ತು ತಂದು ಈರುಳ್ಳಿಯ ಬುಡಕ್ಕೆ ಏರಿಸಿದವನಿಗೆ! ಅವನಿಗೆ ಹಜಾರವೇ?

ಗುದ್ದಲಿ ಎತ್ತಿದರು. ಆದರೆ ಹಜಾರವಿಲ್ಲದ ಸುಳ್ಳು ನಕ್ಷೆಯೊಂದು ವರದಿಯಲ್ಲಿ ಅಚ್ಚಾಗಿ ಶಾಶ್ವತವಾಗಿ ಉಳಿಯುವುದನ್ನು ನೆನೆದರೆ ಅದು ಇನ್ನೂ ಅಸಹ್ಯವಾಗಿತ್ತು.

"ಹತಾನೊ ಅವರೇ, ಇಲ್ಲಿ ಬನ್ನಿ," ಎಂದರು, ಬೈಯುವವರಂತೆ.

ಮಧ್ಯಾಹ್ನದೊಳಗೆ ಕಲೆಗಳ ಸಾಲೇ ಹೊರಬಿತ್ತು. "ಲೇ ಫುಸಾ, ಬಾರೇ! ನಮ್ಮ ಈರುಳ್ಳಿ ಕೆಳಗೆ ಅರಮನೆ ಐತಂತೆ!" ಕೊಸಾಕು ಹೆಂಡತಿಯನ್ನು ಕೂಗಿದ.

"ಅರಮನೆಯಲ್ಲ. ಹಜಾರ."

"ನೀನೇ ಹುಡುಕಿದ್ದಂತಲ್ಲಯ್ಯಾ! ಸಂಜೆ ಮನೆಗೆ ಬಾ, ಸಾಕೆ ಕುಡಿಯೋಣ."

"ನನಗೆ ಕೆಲಸ ಇದೆ."

ಛಾಯಾಚಿತ್ರಕ್ಕಾಗಿ ಕಲೆಗಳ ಸುತ್ತ ಬಿಳಿ ಸುಣ್ಣದ ಗೆರೆ ಎಳೆಯಬೇಕಿತ್ತು. ಕೈ ನಡುಗದವರೆಂದು ಹತಾನೊ ಅದನ್ನೂ ತೊಕುಜಿಯವರಿಗೇ ಒಪ್ಪಿಸಿದರು.

"ಈ ಸಾಲು ಪೂರ್ವಕ್ಕೆ ಮುಂದುವರಿಯಬಹುದಲ್ಲವೇ?" ಎಂದು ತೊಕುಜಿಯವರು ಕೇಳಿದರು. ಪೂರ್ವಕ್ಕೆ ಅವರ ಹಿತ್ತಲಿತ್ತು.

"ಇಲ್ಲ, ತೊಕುಜಿಯವರೇ. ಇದೇ ಮೂಲೆಗಂಬ."

ಅವರು ಮೂಲೆಗಂಬದ ಸುತ್ತ ಗೆರೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಎಳೆದು ಮುಗಿಸಿದರು. ನೋಡಲು ಬಗ್ಗಿದ ಕೊಸಾಕುವಿನ ಬೂಟು ಸುಣ್ಣಕ್ಕೆ ತಾಗಿತು.

"ಕಾಲು ತೆಗೆಯೋ!" ಎಂದು ಎಲ್ಲರೆದುರು ಗದರಿದರು, ಅವನದೇ ಹೊಲದಲ್ಲಿ.