ಸುಲಭದ್ದರಿಂದ ಶುರುಮಾಡೋಣ ಎಂದಿದ್ದ ಮಿಸ್

ಮೊನ್ನೆ ಅಂಗಡಿಯವನು ಕೊಬ್ಬರಿ ಮೂಟೆ ಬಿಚ್ಚಿದ್ದೇ ತಡ, ಹೊಸದುರ್ಗದ ಮಂಡಿಯ ಮಹಡಿಯಲ್ಲಿದ್ದ ನಮ್ಮ ಕಂಪ್ಯೂಟರ್ ಕ್ಲಾಸ್ ಕಣ್ಣೆದುರು ಬಂತು. ಅಲ್ಲಿ ಮೌಸ್ ಹಿಡಿದರೂ ಕೈಗೆ ಕೊಬ್ಬರಿ ವಾಸನೆಯೇ. ಅದರ ಹಿಂದೆಯೇ ಮಿಸ್ ನೆನಪಾದರು... ನಾನು ಆಗಷ್ಟೇ ಡಿಗ್ರಿ ಮುಗಿಸಿ ಅವರ ಕೈಕೆಳಗೆ ಪಾಠ ಮಾಡಲು ಸೇರಿದ್ದೆ.

ಆ ಬೇಸಿಗೆಯಲ್ಲಿ ಸುತ್ತಲ ಹಳ್ಳಿಗಳ ಹುಡುಗಿಯರ ಒಂದು ಬ್ಯಾಚ್ ಸೇರಿತು. ಕೀಬೋರ್ಡನ್ನೇ ಮುಟ್ಟದವರು. ಇವರಿಗೆ ಪೈಥಾನ್‌ನಿಂದ ಶುರುಮಾಡೋಣ, ತಾವು ಬರೆದದ್ದು ಮೊದಲ ದಿನವೇ ಓಡುವುದನ್ನು ಕಣ್ಣಾರೆ ಕಾಣಲಿ ಎಂದು ಮಿಸ್ ಹಟ ಹಿಡಿದರು. ಆಗ ನಮ್ಮ ಕಡೆ ಅದರ ಹೆಸರು ಕೇಳಿದವರೇ ಇರಲಿಲ್ಲ, ಎಲ್ಲ ಕ್ಲಾಸುಗಳಲ್ಲೂ ಮೊದಲ ಪಾಠ ಸಿ ಭಾಷೆಯದೇ. ಮಾಲೀಕರಿಗೆ ಧೈರ್ಯ ಸಾಲಲಿಲ್ಲ. ಸಂತೆ ದಿನ ಅಪ್ಪಂದಿರು ಹೇಗೂ ಬರುತ್ತಾರೆ, ಅವರನ್ನೇ ಕೇಳಿಬಿಡೋಣ ಎಂದರು. ಪ್ರೋಗ್ರಾಮಿಂಗ್ ಭಾಷೆ ಯಾವುದಿರಲಿ ಎಂದು ಸಂತೆಗೆ ಬಂದವರನ್ನು ಕೇಳುವುದು! ನಮ್ಮೂರು ಬಿಟ್ಟು ಇನ್ನೆಲ್ಲೂ ಹೀಗೆ ನಡೆದಿರಲಿಕ್ಕಿಲ್ಲ.

ಅಪ್ಪಂದಿರು ಸಂತೆಚೀಲಗಳನ್ನು ಬಾಗಿಲಲ್ಲಿಟ್ಟು ಕೂತರು. ಮಿಸ್ ಟೀ ತರಿಸಿ, ಎರಡೂ ಭಾಷೆಗಳ ಬಗ್ಗೆ ನಿಧಾನವಾಗಿ ಬಿಡಿಸಿ ಹೇಳಿದರು. ಬಿ.ದುರ್ಗದ ಕಡೆಯವರೊಬ್ಬರು, ಎರಡರಲ್ಲಿ ಕಷ್ಟದ್ದು ಯಾವುದು ಎಂದು ಕೇಳಿದರು. ಸಿ ಎಂದರು ಮಿಸ್. ಅವರಿಗೆ ಸುಳ್ಳು ಬರುತ್ತಿರಲಿಲ್ಲ.

"ಹಂಗಾರೆ ಅದ್ನೇ ಹೇಳ್ಕೊಡ್ರಿ ಮೇಡಂ. ಸುಲಭದ್ದು ಕಲಿಯಾಕೆ ಬಸ್ ಹತ್ತಿ ಇಲ್ಲೀಗಂಟ ಯಾಕೆ ಬರ್ಬೇಕು?"

ಉಳಿದವರೂ ತಲೆಯಾಡಿಸಿದರು. ಪಾಪ, ಮಕ್ಕಳ ಮೇಲಿನ ಆಸೆಯಿಂದಲೇ ಹೇಳಿದ್ದು...

ಸಿಯಿಂದಲೇ ಶುರುವಾಯಿತು. ಅದರಲ್ಲೇ ತಲೆ ತಿನ್ನುವ ಪಾಯಿಂಟರ್ ಪಾಠ ಬರುವಷ್ಟರಲ್ಲಿ ಅರ್ಧ ಬೆಂಚು ಖಾಲಿ. ಮಿಸ್ ಬಸ್ಸು ಹತ್ತಿ, ಬಿಟ್ಟವರ ಮನೆಮನೆಗೆ ಹೋಗಿ ಕರೆದರು. ಒಬ್ಬಳೂ ಬರಲಿಲ್ಲ. ಕ್ಲಾಸ್ ಮುಚ್ಚಿತು, ಮಿಸ್ ಹಿರಿಯೂರಿಗೆ ಹೋದರು. ಹೋದ ವರ್ಷ ಕಾಯಿಲೆಯಲ್ಲಿ ತೀರಿಕೊಂಡರಂತೆ. ಅದೂ ನನಗೆ ತಡವಾಗಿ ತಿಳಿಯಿತು.

ಈಗ ಚಿತ್ರದುರ್ಗದ ನಮ್ಮ ಕಾಲೇಜಿನಲ್ಲಿ ಶುರುವೇ ಪೈಥಾನ್. ಯಾರೂ ತಕರಾರು ಮಾಡುವುದಿಲ್ಲ. ಈ ವಾರ ಮಗಳ ಅಡ್ಮಿಷನ್‌ಗೆ ಬಂದ ಹೆಂಗಸೊಬ್ಬಳು ನನ್ನ ಗುರುತು ಹಿಡಿದಳು. ಆ ಬ್ಯಾಚಿನಲ್ಲಿ ಬಿಟ್ಟುಹೋದವಳು.

"ಮಿಸ್ ಮನೆಗೆ ಬಂದಾಗ ನಾಚ್ಕೆಯಾಗಿ ಹಿತ್ತಲಾಗೆ ಅವಿತ್ಕಂಡಿದ್ದೆ ಮೇಡಂ. ನಾನು ದಡ್ಡಿ, ನನ್ ತಲೆಗೆ ಹತ್ತಲಿಲ್ಲ."

ನೀನು ದಡ್ಡಿಯಲ್ಲ ಕಣಮ್ಮ, ಮೊದಲಿಗೇ ನಿನಗೆ ಕಷ್ಟದ ಭಾಷೆ ಕಲಿಸಹೊರಟಿದ್ದು ನಮ್ಮ ತಪ್ಪು ಎಂದೆ. ನನ್ನ ಸಮಾಧಾನಕ್ಕೆಂಬಂತೆ ನಕ್ಕಳು, ನಂಬಲಿಲ್ಲ. ಅಂದು ಮಿಸ್ ಅವಳ ಮನೆ ಬಾಗಿಲಿಗೆ ಹೋಗಿದ್ದು ಇದೊಂದು ಮಾತು ಹೇಳಲಿಕ್ಕೇ. ಅವರ ಬಾಯಿಂದ ಕೇಳಿದ್ದರೆ ನಂಬುತ್ತಿದ್ದಳು.