ಮಗ್ಗದ ಮನೆಯ ತುಟಿಮಾತು

ನನ್ನ ದನಿ ಜೋರು. ಹೊಸಕೋಟೆಯಲ್ಲಿರೋ ಮಗಳು ಫೋನಲ್ಲಿ "ಮೆಲ್ಲಗೆ ಮಾತಾಡಮ್ಮಾ, ಕಿವಿ ಕಿತ್ತೋಗುತ್ತೆ" ಅಂತಾಳೆ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗೆ ಸೊಸೆಯಾಗಿ ಬಂದೋಳು ಮೆಲ್ಲಗೆ ಮಾತಾಡೋದನ್ನ ಎಲ್ಲಿ ಕಲೀಬೇಕು ಹೇಳಿ? ಮನೆಯ ಮುಂದಿನ ಅರ್ಧದಲ್ಲಿ ನಾವು, ಹಿಂದಿನ ಅರ್ಧದಲ್ಲಿ ಪವರ್‌ಲೂಮು. ಅವು ಶುರುವಾದ್ರೆ ಗೋಡೆ, ತಟ್ಟೆ, ಬಾಯೊಳಗಿನ ಹಲ್ಲು, ಎಲ್ಲಾ ಅದುರ್ತಿದ್ವು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಮ್ಮ ಬೀದೀಲಿ ಎರಡೂ ಸಿಗ್ತಿರ್ಲಿಲ್ಲ.

ಅದಕ್ಕೇ ಮಗ್ಗದೋರು ತುಟೀಲೇ ಮಾತಾಡ್ತೀವಿ. ಗಂಟಲಿಗೆ ಕೆಲಸವಿಲ್ಲ. ಸುಮ್ನೆ ಬಾಯಿ ಆಡ್ಸೋದು, ಎದುರಿಗಿರೋರು ತುಟಿ ನೋಡಿ ತಿಳ್ಕೊಳ್ಳೋದು. ನಮ್ಮೆಜಮಾನ್ರು ಮಗ್ಗದ ಆ ಕಡೆ, ನಾನು ಈ ಕಡೆ ನೂಲು ಸುತ್ಕೊಂಡು. ಸಾರಿಗೆ ಉಪ್ಪು ಜಾಸ್ತಿಯಾಗಿದ್ದು, ಮಗಳ ಮದುವೆ ಮಾತು, ಜಗಳ, ಸರಸ, ಎಲ್ಲಾ ಹಂಗೇ ನಡೀತು. ಪಕ್ಕದಲ್ಲಿ ನಮ್ಮತ್ತೆ ಕೂತಿರೋರು, ಪಾಪ, ಕಣ್ಣು ಮಂಜು. ಹೇಳಬಾರದ ಮಾತನ್ನೆಲ್ಲಾ ಆ ಮಹಾನುಭಾವ ಅತ್ತೆ ಮುಂದೇನೇ ಹೇಳ್ಬಿಡೋರು. ನಾನು ಕೆಂಪಗಾಗಿ ತಲೆ ತಗ್ಗಿಸಿದ್ರೆ, "ಯಾಕೆ, ಜ್ವರವೇನೇ?" ಅನ್ನೋರು ಅತ್ತೆ.

ವಯಸ್ಸಾದ್ಮೇಲೆ ಎಲ್ಲಿರೋದು ಅನ್ನೋದನ್ನ ನಮ್ಮೆಜಮಾನ್ರು ಯಾವತ್ತೋ ತೀರ್ಮಾನ ಮಾಡಿಬಿಟ್ಟಿದ್ರು. ರಾಜಘಟ್ಟದ ಕಡೆ ಒಂದು ಸೈಟು ತಗೊಂಡು ಪುಟ್ಟ ಮನೆ ಕಟ್ಟಿಸಿದ್ರು. ಸುತ್ತ ರಾಗಿ ಹೊಲ, ಆಚೆಗೊಂದು ದ್ರಾಕ್ಷಿ ತೋಟ. "ಮಗ್ಗ, ಮನೆ ಎರಡನ್ನೂ ಮಾರ್ಬಿಟ್ಟು ಅಲ್ಲಿಗೆ ಹೋಗ್ಬಿಡೋಣ ಕಣೇ. ಸದ್ದಿಲ್ಲದ ಕಡೆ ಕೂತ್ಕೊಂಡು ನಿನ್ ಹತ್ರ ಬಾಯ್ತುಂಬಾ ಮಾತಾಡ್ಬೇಕು" ಅನ್ನೋರು. ಹಾಲುಕ್ಕಿಸಿದ್ದೂ ಆಯ್ತು. ಸಾಮಾನು ಸಾಗಿಸೋಕೆ ಮುಂಚೆ ಅವರು ಆಸ್ಪತ್ರೆ ಸೇರಿದ್ರು.

ಅಲ್ಲಿ ಕುತ್ತಿಗೆಗೆ ತೂತು ಮಾಡಿ ಕೊಳವೆ ಹಾಕಿದ್ರು. ಉಸಿರು ಅದರಲ್ಲೇ ಆಡ್ತಿತ್ತು, ದನಿ ಮಾತ್ರ ಹೊರಡ್ತಿರ್ಲಿಲ್ಲ. "ಏನೋ ಹೇಳ್ತಿದಾರೆ, ನಮಗೆ ತಿಳೀತಿಲ್ಲ ಅಮ್ಮಾ" ಅಂತ ನರ್ಸು ಬಂದು ಕರೆದ್ಲು. ನನಗೆ ಆ ಸಂಕಟದಲ್ಲೂ ಒಂದು ಹೆಮ್ಮೆ. ಅಷ್ಟು ದೊಡ್ಡ ಆಸ್ಪತ್ರೇಲಿ ಅವರ ಮಾತು ಓದೋಳು ನಾನೊಬ್ಳೇ ತಾನೇ! ಬಾಗಿಲು ದಾಟಿ ಒಳಗೆ ಹೆಜ್ಜೆ ಇಡ್ತಿದ್ದೆ. ಅವರು ನನ್ನ ಕಡೆ ನೋಡಿ ಒಂದು ಮಾತು ಅಂದ್ರು, ಒಂದೇ ಮಾತು. ಆಮೇಲೆ ಕಣ್ಣು ಮುಚ್ಚಿದೋರು ತೆಗೀಲಿಲ್ಲ.

"ಏನಂದ್ರಮ್ಮಾ ಅಪ್ಪ?" ಅಂತ ಹಿಂದೆ ನಿಂತಿದ್ದ ಮಗಳು ನನ್ನ ತೋಳು ಅಲ್ಲಾಡಿಸಿದ್ಲು.

"ಮಾರ್ಬೇಡ ಅಂದ್ರು ಕಣೇ" ಅಂದೆ.

ಮುಗೀತಲ್ಲ. ಕೊನೇ ಮಾತು ಮೀರೋಕಾಗುತ್ತಾ? ಮಗ್ಗದ ಮನೆ ಮಾರ್ಲಿಲ್ಲ, ನಾನೂ ಅಲ್ಲಿಂದ ಕದಲ್ಲಿಲ್ಲ. ಮಗ್ಗಗಳನ್ನ ಪಕ್ಕದ ಮನೆಯೋನಿಗೆ ನಡೆಸೋಕೆ ಕೊಟ್ಟೆ. "ಅಪ್ಪ ಆಸೆಪಟ್ಟು ಕಟ್ಟಿಸಿದ ಮನೆ ಬೀಗ ಹಾಕ್ಕೊಂಡು ಬಿದ್ದಿದೆ, ನೀನು ಇಲ್ಲಿ ಮಂಡಿ ಹಿಡ್ಕೊಂಡು ನರಳ್ತಿದೀಯ" ಅಂತ ಮಗಳು ಬಂದಾಗಲೆಲ್ಲ ಗೋಳಾಡ್ತಿದ್ಲು. ಮನೆ ಕೇಳ್ಕೊಂಡು ಬಂದೋರನ್ನೆಲ್ಲ ಬೈದು ಅಟ್ಟಿದೆ. ನಿಮಗೇನ್ರೀ ಗೊತ್ತು, ಸಾಯೋವಾಗ ಹೇಳಿ ಹೋಗಿದಾರೆ ಅಂತಿದ್ದೆ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಾಲು ತರೋಕೆ ಹೊರಟೆ. ಹಿಂದಿನ ದಿನ ಗಾಳಿಮಳೆ ಹೊಡೆದಿತ್ತು, ಬೀದೀಲಿ ನೀರು ನಿಂತಿತ್ತು. ಎರಡೂ ಕಡೆ ಮನೆಗಳಲ್ಲಿ ಮಗ್ಗ ಓಡ್ತಿದ್ವು. ಎದುರುಮನೆ ಅಕ್ಕ ಬಾಗಿಲಲ್ಲಿ ನಿಂತು, ನನ್ನ ನೋಡಿ ಬಾಯಿ ಆಡ್ಸಿದ್ಲು. ಮಾರ್ಬೇಡ. ನಾನು ಮನೆ ಮಾರ್ತೀನಿ ಅಂತ ಇವಳಿಗೂ ಯಾರೋ ಸುದ್ದಿ ಮುಟ್ಟಿಸಿದಾರೆ ಅನ್ಕೊಂಡು ನಗು ಬಂತು. "ಯಾರೇ ಮಾರ್ತಿರೋದು?" ಅಂತ ತುಟೀಲೇ ಕೇಳ್ತಾ ನೀರಿಗೆ ಕಾಲಿಡೋಕೆ ಹೋದೆ. ಅವಳು ಜಗಲಿ ಮೇಲಿಂದ ಹಾರಿ, ನೀರಿಲ್ಲದ ಕಡೆಯಿಂದ ಬಳಸಿ ಓಡಿಬಂದು ನನ್ನ ಹಿಂದಕ್ಕೆ ನೂಕಿದ ರಭಸಕ್ಕೆ ಇಬ್ಬರೂ ಗೋಡೆಗೆ ಬಡ್ಕೊಂಡ್ವಿ. ನೀರಿನೊಳಗೆ ಕಂಬದಿಂದ ಹರಿದು ಬಿದ್ದ ಕರೆಂಟ್ ತಂತಿ.

"ನಿನ್ನ ತಲೆ ಕೆಟ್ಟಿದೆಯೇನೇ? ಬರ್ಬೇಡ ಬರ್ಬೇಡ ಅಂತ ಬಡ್ಕೊಳ್ತಿದೀನಿ, ನಗ್ತಾ ಬರ್ತೀಯಲ್ಲಾ!"

ತಂತಿ ನೋಡಿ ನನ್ನ ಎದೆ ಧಸಕ್ ಅನ್ನಲಿಲ್ಲ. ಆ ಮಾತಿಗೆ ಅಂತು. ಬರ್ಬೇಡ. ಮನೆಗೆ ಬಂದು ಕನ್ನಡಿ ಮುಂದೆ ನಿಂತು ಎರಡನ್ನೂ ದನಿಯಿಲ್ಲದೆ ಅಂದು ನೋಡಿದೆ. ಮಾರ್ಬೇಡ. ಬರ್ಬೇಡ. ತುಟಿ ಕೂಡುತ್ತೆ, ಬಿಡುತ್ತೆ, ಮತ್ತೆ ಕೂಡುತ್ತೆ. ಅಯ್ಯೋ ಶಿವನೇ, ಎರಡೂ ಒಂದೇ. ಮಗ್ಗದೋರು ಹಿಂದಿನ ಮುಂದಿನ ಮಾತು ಸೇರಿಸ್ಕೊಂಡು ಅರ್ಥ ಮಾಡ್ಕೊಳ್ತೀವಿ. ಅವರು ಹೇಳಿದ ಮಾತಿಗೆ ಹಿಂದೂ ಇರ್ಲಿಲ್ಲ, ಮುಂದೂ ಇರ್ಲಿಲ್ಲ.

ಬರ್ಬೇಡ ಅಂದಿದ್ರೆ ಎಲ್ಲಿಗೆ? ಆ ವಾರ್ಡಿನೊಳಕ್ಕಾ? ತಾನಿಲ್ಲದೆ ಆ ಹೊಸ ಮನೆಗೆ ಒಬ್ಳೇ ಬರ್ಬೇಡ ಅಂತಲಾ? ಇಲ್ಲಾ, ನಾನು ಹೊರಟೆ, ನನ್ನ ಹಿಂದೆ ಬರ್ಬೇಡ ಅಂತಲಾ? ಮಗಳಿಗೆ ಫೋನ್ ಮಾಡಿದೆ. "ಏನಂದಿದ್ರೇನಮ್ಮಾ ಈಗ, ಬಿಟ್ಬಿಡು" ಅಂದ್ಲು. ಬಿಟ್ಬಿಡು ಅನ್ನೋದು ಸುಲಭ. ಫೋನ್ ಕುಕ್ಕಿಬಿಟ್ಟೆ.

ಆವತ್ತಿಂದ ಶುರುವಾಯ್ತು. ಮಗ್ಗ ಓಡೋಕೆ ಶುರುವಾದ್ರೆ ಸಾಕು, ಆ ಕಡೆ ಅವರು. ಮೈ ಸರಿಯಾಗಿ ಕಾಣ್ತಿರ್ಲಿಲ್ಲ, ತುಟಿ ಮಾತ್ರ ಆಡ್ತಿತ್ತು. ಅದೇ ಮಾತು. ದನಿ ನೆನಪು ಮಾಡ್ಕೊಂಡ್ರೆ ಯಾವ ಮಾತು ಅಂತ ತಿಳೀಬಹುದೇನೋ ಅಂತ ಕೂತು ಕೂತು ಯೋಚ್ನೆ ಮಾಡಿದೆ. ಆಗ ಗೊತ್ತಾಗಿದ್ದು, ಅವರ ದನಿ ಹೆಂಗಿತ್ತು ಅನ್ನೋದೇ ನನಗೆ ನೆನಪಿಲ್ಲ. ಇಡೀ ಸಂಸಾರ ತುಟೀಲೇ ಮಾಡಿದೋಳು ನಾನು, ಗಂಡನ ದನಿ ಕೇಳಿದ್ದೆಷ್ಟು? ಬೀದಿಯವರೆಲ್ಲ ನೋಡ್ತಿದ್ರೂ ಲೆಕ್ಕಿಸದೆ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ.

ಆಮೇಲೆ ಒಂದು ಹುಚ್ಚು ಹತ್ತಿತು. ಸದ್ದಿಲ್ಲದ ಕಡೆ ಮಾತಾಡ್ತೀನಿ ಅಂದಿದ್ರಲ್ಲ, ಅಲ್ಲಿಗೇ ಹೋದ್ರೆ ದನಿ ಕೇಳಿಸೀತು. ಪಕ್ಕದ ಮನೆಯೋನೂ ಮಗ್ಗ ನಡೆಸೋಕಾಗಲ್ಲ ಅಂತ ದಾಬಸ್‌ಪೇಟೆ ಫ್ಯಾಕ್ಟರಿಗೆ ಸೇರ್ಕೊಂಡ. ನಾನು ಮನೆ ಮಾರ್ದೆ. ಮಗ್ಗಗಳನ್ನ ಬಿಚ್ಚಿ ಲಾರಿಗೆ ತುಂಬೋವಾಗ ಎದುರುಮನೆ ಅಕ್ಕ ನನ್ನ ಕೈ ಹಿಡ್ಕೊಂಡು ನಿಂತಿದ್ಲು. ನಾನು ಯಾರ ತುಟೀನೂ ನೋಡದೆ ಆಟೋ ಹತ್ತಿದೆ.

ಈಗ ರಾಜಘಟ್ಟದ ಕಡೆಯ ಮನೇಲೇ ಇದ್ದೀನಿ. ಮಗಳಿಗೆ ನೆಮ್ಮದಿ. ಅಕ್ಕಪಕ್ಕದೋರು ಒಳ್ಳೆಯೋರು, ಹುರುಳಿಕಾಯಿ, ಸೊಪ್ಪು ತಂದ್ಕೊಡ್ತಾರೆ. ಇಲ್ಲಿ ಎಷ್ಟು ನಿಶ್ಶಬ್ದ ಅಂದ್ರೆ ಒಲೆ ಮೇಲಿನ ಅನ್ನ ಕುದಿಯೋದು ಹೊರಗಿನ ಜಗಲಿಗೆ ಕೇಳಿಸುತ್ತೆ. ದೀಪ ಹಚ್ಚೋ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ಅವರು ಬಂದು ನಿಲ್ತಾರೆ. ಇಲ್ಲೂ ತುಟೀನೇ. ದನಿಯಿಲ್ಲ.

ಮೊನ್ನೆ ತಡೆಯೋಕಾಗ್ಲಿಲ್ಲ ನನಗೆ. ಹಚ್ಚಿದ ದೀಪ ಹಂಗೇ ಬಿಟ್ಟು ತಿರುಗಿ ನಿಂತು ಕೂಗಿದೆ, ಬೀದಿಗೆಲ್ಲ ಕೇಳಿಸೋ ಹಂಗೆ. "ಮಾರಿದ್ದೀನಿ ಕಣ್ರೀ. ಬಂದೂ ಬಿಟ್ಟಿದ್ದೀನಿ. ನೀವು ಎರಡ್ರಲ್ಲಿ ಯಾವ್ದು ಬೇಡ ಅಂದಿದ್ರೋ ಅದನ್ನ ಮಾಡಿ ಆಯ್ತು. ಬೈಯೋದಿದ್ರೆ ದನಿ ತೆಗೆದು ಬೈರಿ, ಕೇಳಿಸ್ಕೊಳ್ತೀನಿ."