ನಾನೂರ ಹದಿನೇಳರ ಮುಂದಿನ ಸೊನ್ನೆ

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂರುವ ಆ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಬೇಲಿಯಕ್ಕ. ಡಾಕ್ಟರು, ನರ್ಸು, ಪ್ರಯೋಗಾಲಯದವರು ಕಂಪ್ಯೂಟರಿಗೆ ಏನು ತುಂಬಿದರೂ ಅದು ಅವಳು ಬರೆದ ಸ್ಕೀಮಾ ಎಂಬ ನಿಯಮಪಟ್ಟಿಯನ್ನು ದಾಟಿಯೇ ಒಳಗೆ ಹೋಗಬೇಕು. ಪ್ರತಿ ವಿವರವೂ ಯಾವ ಬಗೆಯದೆಂದು ಅದರಲ್ಲಿ ಅವಳು ಮೊದಲೇ ಘೋಷಿಸಿಟ್ಟಿದ್ದಳು. ಹುಟ್ಟಿದ ದಿನ ತಾರೀಖೇ ಆಗಿರಬೇಕು, ರಕ್ತದ ಗುಂಪು ಎಂಟರಲ್ಲಿ ಒಂದಾಗಿರಬೇಕು, ತೂಕ ಅಂಕಿಯೇ ಆಗಿರಬೇಕು. ತೂಕದ ಜಾಗದಲ್ಲಿ ‘ಸ್ವಲ್ಪ ದಪ್ಪ’ ಎಂದು ಬರೆದ ದೊಡ್ಡ ಡಾಕ್ಟರಿಗೂ ಬೇಲಿ ಮುಲಾಜು ತೋರಿಸಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ತಪ್ಪೂ ನುಸುಳಿಲ್ಲವೆಂದು ಅವಳಿಗೆ ಜಂಬವೂ ಇತ್ತು. ಜಂಬ ಪಡಲು ಅವಳಿಗೆ ಬೇರೇನು ಇತ್ತು ಹೇಳಿ?

ಆ ಬೆಳಿಗ್ಗೆ ಅವಳು ನಾದಿನಿಯ ವರದಿಯನ್ನು ಮನೆಗೆ ಒಯ್ಯಲು ಮುದ್ರಿಸಿಕೊಂಡಳು. ನಾದಿನಿಯ ಎದೆಯಲ್ಲಿ ಗಂಟು ಕಂಡು, ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದರು. ‘ರೋಗವಿಲ್ಲ’ ಎಂದು ನಿನ್ನೆ ಬಂದಿತ್ತು. ಮನೆಯವರೆಲ್ಲ ಅತ್ತು ನಕ್ಕಿದ್ದರು. ಕಾಗದದ ಮೇಲೆ ಕಣ್ಣಾಡಿಸುವಾಗ ಒಂದು ಸಾಲು ಕಂಡಿತು: ಬಂದ ತುಂಡು, ಒಂದು.

‘ಮೂರು ಸಲ ಚುಚ್ಚಿ ಮೂರು ತುಂಡು ತೆಗೆದ್ರು ಅತ್ತಿಗೆ, ಪ್ರಾಣ ಹೋಯ್ತು ಅಂದ್ಕೊಂಡೆ’ ಎಂದು ನಾದಿನಿ ಸೆರಗು ಸರಿಸಿ ಗಾಯ ತೋರಿಸಿದ್ದು ನೆನಪಾಯಿತು.

ಹಾಗಾದರೆ ಈ ವರದಿ ಬೇರೊಬ್ಬರದು. ಅವಳು ತನ್ನ ಸ್ಕೀಮಾ ತೆರೆದಳು. ಅಲ್ಲಿತ್ತು: ಪರೀಕ್ಷೆಗೆ ಬರುವ ತುಂಡಿನ ಮಾದರಿ ಸಂಖ್ಯೆ, ಬಗೆ ಪೂರ್ಣಾಂಕ. ಹಳೇ ಕಟ್ಟಡದ ಸಂಖ್ಯೆಗಳೆಲ್ಲ ಸೊನ್ನೆಯಿಂದ ಶುರುವಾಗುತ್ತಿದ್ದವು. ಹೊಸ ಕಟ್ಟಡ ಬಂದಾಗ, ಗುರುತಿಗೆ ಇರಲೆಂದು ನರ್ಸುಗಳು ಅಲ್ಲಿಯ ಸಂಖ್ಯೆಗಳಿಗೆ ಸೊನ್ನೆ ಹಾಕಲಿಲ್ಲ. ಈ ಪದ್ಧತಿಯನ್ನು ಚೀಟಿಯಲ್ಲಿ ಬರೆದು ಅವಳಿಗೂ ಕಳಿಸಿದ್ದರು. ಅವಳು ‘ಆಯ್ತು’ ಎಂದು ಸಹಿ ಹಾಕಿದ್ದಳೇ ಹೊರತು ಸ್ಕೀಮಾ ತೆರೆದು ಬದಲಿಸಿರಲಿಲ್ಲ. ನರ್ಸುಗಳಿಗೆ 0417 ಮತ್ತು 417 ಇಬ್ಬರು ಹೆಂಗಸರು. ಸಂಖ್ಯೆ ಪೂರ್ಣಾಂಕವೆಂದು ಹೇಳಿಸಿಕೊಂಡ ಯಂತ್ರಕ್ಕೆ ಮುಂದಿನ ಸೊನ್ನೆ ಲೆಕ್ಕಕ್ಕಿಲ್ಲ, ಎರಡೂ ಒಂದೇ. ಎರಡು ಕಟ್ಟಡದಲ್ಲೂ ಒಂದೇ ಅಂಕಿ ಒಂದೇ ದಿನ ಬಂದದ್ದು ಇದೇ ಮೊದಲು. ಮೊದಲು ಬಂದ ವರದಿ ಮೊದಲು ಕೇಳಿದವರಿಗೆ ಹೋಗಿತ್ತು, ಎರಡನೆಯದು ಇನ್ನೊಬ್ಬರಿಗೆ.

ನಾದಿನಿಯದು 0417. ಹೊಸ ಕಟ್ಟಡದ 417 ಒಬ್ಬ ಅಂಚೆಯವಳದು. ‘ರೋಗವಿದೆ’ ಎಂಬ ವರದಿ ಅವಳಿಗೆ ಹೋಗಿತ್ತು. ಎದೆ ತೆಗೆಯಲು ಸಮಯ ಗೊತ್ತುಮಾಡಿದ್ದರು: ಇವತ್ತು, ಹನ್ನೊಂದು ಗಂಟೆ.

ಗಡಿಯಾರದಲ್ಲಿ ಹತ್ತು ಐವತ್ತೆರಡು. ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಎದ್ದುಬಿದ್ದು ಓಡಿದಳು.

ಹೊಸ ಕಟ್ಟಡದ ಎರಡನೇ ಮಹಡಿಯ ಮೆಟ್ಟಿಲಲ್ಲಿ ಅವಳ ಕಾಲು ಗಕ್ಕನೆ ನಿಂತಿತು. ಅಂಚೆಯವಳಿಗೆ ರೋಗವಿಲ್ಲವೆಂದರೆ, ಆ ರೋಗ ಯಾರದು? ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ. ಸುಮ್ಮನಿದ್ದರೆ ನಾದಿನಿ ಇನ್ನೂ ಒಂದು ದಿನ ನಗುತ್ತಿರುತ್ತಾಳೆ ಎಂಬ ಹುಚ್ಚು ಯೋಚನೆಯೊಂದು ಬಂತು. ಕಂಬಿ ಹಿಡಿದು ಒಮ್ಮೆ ಉಸಿರೆಳೆದಳು, ಅಷ್ಟೇ. ಮತ್ತೆ ಓಡಿದಳು.

“ನಿಲ್ಸಿ! ಆ ವರದಿ ಇವ್ರದಲ್ಲ!”

ಶಸ್ತ್ರಕ್ರಿಯೆಯ ಡಾಕ್ಟರು ಆಗಲೇ ಕೈ ತೊಳೆಯುತ್ತಿದ್ದರು. “ಏನ್ರೀ ಇದು, ಬರಿಗಾಲಲ್ಲಿ ಬಂದು ಕೂಗಾಡ್ತಿದ್ದೀರಿ? ತಲೆ ಕೆಟ್ಟಿದ್ಯಾ?”

“ಕೆಟ್ಟಿರ್ಲಿ. ತುಂಡು ಎಷ್ಟು ತೆಗೆದಿದ್ರಿ ಅಂತ ನೋಡಿ. ನೀವು ತೆಗೆದಿದ್ದು ಒಂದು, ವರದೀಲಿ ಮೂರಿದೆ.”

ಡಾಕ್ಟರು ಕಾಗದ ತರಿಸಿ ಎರಡು ಸಲ ಓದಿದರು. ಆಮೇಲೆ ಮುಖಗವಸು ಕಳಚಿದರು. ಗಾಲಿಮಂಚದ ಮೇಲಿದ್ದ ಅಂಚೆಯವಳು ವಿಷಯ ತಿಳಿದು ಬೇಲಿಯಕ್ಕನ ಎರಡೂ ಕೈ ಹಿಡಿದುಕೊಂಡಳು. “ದೇವರ ಹಾಗೆ ಬಂದ್ರಿ ಅಕ್ಕ” ಎಂದು ಅತ್ತಳು. ಬೇಲಿಯಕ್ಕನಿಗೆ ಆ ಕೈಗಳಿಂದ ಬಿಡಿಸಿಕೊಂಡರೆ ಸಾಕಾಗಿತ್ತು.

ಕೋಣೆಗೆ ಮರಳಿ ಮಾದರಿ ಸಂಖ್ಯೆಯನ್ನು ಪೂರ್ಣಾಂಕದಿಂದ, ಸೊನ್ನೆಯನ್ನೂ ಬರೆದಂತೆಯೇ ಉಳಿಸುವ ಅಕ್ಷರಸಾಲಿಗೆ ಬದಲಿಸಿದಳು. ನಾಲ್ಕು ಸ್ಥಾನ ಕಡ್ಡಾಯ, ಮೊದಲನೆಯದು ಕಟ್ಟಡದ ಗುರುತು. ಅರ್ಧ ನಿಮಿಷದ ಕೆಲಸ. ಮೇಲಿನವರಿಗೆ ‘ತಪ್ಪು ನನ್ನದು’ ಎಂದು ಬರೆದು ಕಳಿಸಿ, ಬಾಕಿ ವರದಿಗಳನ್ನೆಲ್ಲ ತಡೆಹಿಡಿಸಿ, ಚಪ್ಪಲಿಯ ನೆನಪೂ ಇಲ್ಲದೆ ಹೊರಟಳು.

ಎರಡು ಬೀದಿ ಆಚೆ ನಾದಿನಿ ನಡೆಸುವ ಕೂದಲು ಕತ್ತರಿಸುವ ಅಂಗಡಿ. ಕುರ್ಚಿಯಲ್ಲಿ ಒಬ್ಬ ಗಿರಾಕಿ, ತಲೆಗೂದಲು ಅರ್ಧ ಕತ್ತರಿಸಿಯಾಗಿತ್ತು.

“ಏನತ್ತಿಗೆ, ಮುಖ ಹಿಂಗಾಗಿದೆ? ಕಾಲಲ್ಲಿ ಚಪ್ಪಲಿ ಬೇರೆ ಇಲ್ಲ!”

ಬೇಲಿಯಕ್ಕ ಅವಳನ್ನು ಪರದೆಯ ಹಿಂದೆ ಕರೆದು ಎಲ್ಲವನ್ನೂ ಹೇಳಿದಳು, ಒಂದನ್ನೂ ನುಂಗದೆ.

ನಾದಿನಿ ಕತ್ತರಿಗೆ ಅಂಟಿದ ಕೂದಲನ್ನು ಸೆರಗಿನಿಂದ ಒರೆಸಿದಳು. “ಯಾರ ತಪ್ಪಿದು?”

“ನಂದು.”

“ನೀನು ನೋಡ್ದೆ ಹೋಗಿದ್ರೆ?”



“ಈ ತಲೆ ಮುಗಿಸ್ತೀನಿ,” ಎಂದಳು ನಾದಿನಿ. “ಅರ್ಧಕ್ಕೆ ಬಿಟ್ರೆ ಚೆನ್ನಾಗಿರಲ್ಲ. ಆಮೇಲೆ ಆಸ್ಪತ್ರೆಗೆ ಹೋಗೋಣ, ನೀನೂ ಬಾ.” ತನ್ನ ಕಪಾಟಿನಿಂದ ಒಂದು ಜೊತೆ ಚಪ್ಪಲಿ ತೆಗೆದು ಅತ್ತಿಗೆಯ ಕಾಲ ಬಳಿ ಇಟ್ಟು, ಕುರ್ಚಿಯ ಹಿಂದೆ ಹೋಗಿ ನಿಂತಳು.